ಆ ವಾರದ ಸಿಟ್ಟು

ಜನವರಿ 11

ತಂಗೀ,

ನಿನ್ನ ಪುಸ್ತಿಕೆ ತಲುಪಿತು. ಎರಡು ವರ್ಷ ಒಂದು ಸಾಲು ಬರೆಯದವಳು, ಅಕ್ಕ ಇದ್ದಾಳೋ ಸತ್ತಳೋ ಎಂದು ವಿಚಾರಿಸದವಳು, ಕೊನೆಗೆ ಅಂಚೆಯಲ್ಲಿ ಕಳಿಸಿದ್ದು ಇದನ್ನು: 'ಮುಟ್ಟಿನ ದಿನಗಳಲ್ಲೂ ಒಳ್ಳೆಯ ಅಭ್ಯಾಸ ಬಿಡದಿರಿ'. ಮುಖಪುಟದಲ್ಲಿ ಒಬ್ಬಳು ಹುಡುಗಿ ಸೇಬು ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದಾಳೆ. ಮುಟ್ಟಿನ ದಿನ ಹಾಗೆ ನಗುವ ಹೆಣ್ಣನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕಂಡರೂ ಮಾತನಾಡಿಸುವವಳಲ್ಲ.

ನೀನು ಹುಡುಗಿಯರಿಗೆ ಈಜು ಕಲಿಸುತ್ತೀಯ ಎಂದು ಗೊತ್ತಿತ್ತು. ಲೋಕಕ್ಕೇ ಬುದ್ಧಿ ಕಲಿಸಲು ಹೊರಟಿದ್ದು ಗೊತ್ತಿರಲಿಲ್ಲ. ನಾಲ್ಕನೇ ಪುಟದಲ್ಲಿ ಬರೆದಿದ್ದೀಯ: 'ಸಿಹಿ ತಿನ್ನುವ ಆಸೆಯಾದರೆ ಗಮನವನ್ನು ಬೇರೆಡೆಗೆ ಹರಿಸಿ.' ತಾಯೀ, ನಾನು ಇರುವುದು ಬೇಕರಿಯಲ್ಲಿ. ಎಡಕ್ಕೆ ಕ್ರೀಮ್ ಬನ್ನು, ಬಲಕ್ಕೆ ಕೇಕು, ಎದುರಿಗೆ ಬಿಸ್ಕತ್ತಿನ ತಟ್ಟೆ. ಎಲ್ಲಿಗೆ ಹರಿಸಲಿ, ಮೋರಿಗಾ? ಆರನೇ ಪುಟದಲ್ಲಿ 'ಹಿತವಾದ ಬೆಚ್ಚಗಿನ ವಾತಾವರಣದಲ್ಲಿರಿ' ಎಂದಿದೆ. ಭಟ್ಟಿಯ ಬಾಗಿಲು ತೆಗೆದರೆ ನನ್ನ ಹುಬ್ಬು ಸುಡುತ್ತದೆ. ಇದಕ್ಕಿಂತ ಬೆಚ್ಚಗೆ ಚಿತೆ ಮಾತ್ರ ಇದ್ದೀತು.

ನಿನಗೆ ನಮ್ಮ ಅಂಗಡಿ ನೆನಪಿದೆಯಲ್ಲ. ಮುಂದೆ ನಿನ್ನ ಭಾವ ಗಲ್ಲಾದಲ್ಲಿ ಕೂತು ಊರವರ ಆರೋಗ್ಯ ವಿಚಾರಿಸುತ್ತಾರೆ. ಹಿಂದೆ ಭಟ್ಟಿ ಕೋಣೆಯಲ್ಲಿ ನಾನು. ಮದುವೆಯಾದಾಗ ಅಲ್ಲಿ ಸುಟ್ಟ ರಸ್ಕು ಬಿಟ್ಟರೆ ಏನೂ ಬೇಯುತ್ತಿರಲಿಲ್ಲ. ಈಗ ಬೆಳಕು ಹರಿಯುವ ಮೊದಲೇ ಬ್ರೆಡ್ಡಿಗೆ ಜನ ನಿಲ್ಲುತ್ತಾರೆ. ತಿಂಗಳಲ್ಲಿ ಒಂದು ವಾರ ಸೊಂಟ ಕಿತ್ತು ಬರುತ್ತದೆ, ಎದೆ ಬಿಗಿಯುತ್ತದೆ, ಯಾರ ಮುಖ ಕಂಡರೂ ಬಾಗಿಲು ಹಾಕೋಣ ಅನ್ನಿಸುತ್ತದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತೇನೆ. ಆದರೂ ಬ್ರೆಡ್ಡು ಉಬ್ಬುತ್ತದೆ. ನಿನ್ನ ಪುಸ್ತಿಕೆಯಿಲ್ಲದೆಯೇ ಉಬ್ಬುತ್ತದೆ.

ಫೋನ್ ಮಾಡಿ ಬೈಯಬಹುದಿತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಪತ್ರಕ್ಕೆ ಆ ತೊಂದರೆಯಿಲ್ಲ.

ಹುಟ್ಟಿದ ತಪ್ಪಿಗೆ ನಿನ್ನ ಅಕ್ಕ

---

ಜನವರಿ 20

ಅಕ್ಕಾ,

ನಿನ್ನ ಪತ್ರವನ್ನು ಕೊಳದ ಕಟ್ಟೆಯ ಮೇಲೆ ಕೂತು ನಮ್ಮ ಹುಡುಗಿಯರಿಗೆ ಗಟ್ಟಿಯಾಗಿ ಓದಿದೆ. ಬಿದ್ದು ಬಿದ್ದು ನಕ್ಕರು. ಚಿತೆಯ ಮಾತು ಬಂದಾಗ ಒಬ್ಬಳಿಗೆ ಕೆಮ್ಮು ಹತ್ತಿತು. ಸೇಬಿನ ಹುಡುಗಿ ಇಲ್ಲಿಯವಳೇ. ಆ ಫೋಟೋ ತೆಗೆದ ದಿನ ಅವಳಿಗೆ ನಿಜಕ್ಕೂ ಹೊಟ್ಟೆನೋವಿತ್ತಂತೆ. ಫೋಟೋದವನು ನಗು ನಗು ಎಂದು ಪೀಡಿಸಿದನಂತೆ. ನಿನ್ನ ಹಾಗೆಯೇ ಬೈದಳು. ನಿಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಎರಡು ವರ್ಷ ಬರೆಯದ ವಿಷಯ. ನಿನ್ನ ಮನೆಗೆ ಬಂದಿದ್ದೆ. ನೀನು ಹೊಟ್ಟೆ ಹಿಡಿದುಕೊಂಡು ನಿಂತೇ ಕೇಕು ನುಂಗುತ್ತಿದ್ದೆ, ಅಗಿಯುತ್ತಲೂ ಇರಲಿಲ್ಲ. "ಸಾಕು ಬಿಡೇ" ಎಂದು ತಟ್ಟೆ ತೆಗೆದುಕೊಂಡೆ. "ನನ್ನ ಮನೆಯಿಂದ ಆಚೆ ನಡಿ" ಎಂದೆ ನೀನು. ನಡೆದೆ. ಅವತ್ತು ತಪ್ಪು ಯಾರದ್ದು ಎಂದು ನಾನು ಚರ್ಚೆ ಮಾಡುವುದಿಲ್ಲ, ನಿನ್ನದೇ ಆದ್ದರಿಂದ.

ಪುಸ್ತಿಕೆಯನ್ನು ನೀನು ಬೈಯಲೆಂದೇ ಓದಿದ್ದೀಯ. ಓದಿದೆಯಲ್ಲ, ಸಾಕು. ಎಂಟನೇ ಪುಟ ಮಾತ್ರ ಹಾರಿಸಿದ ಹಾಗಿದೆ. ನಿನಗೆ ಗೊತ್ತಿರುವುದು ಎರಡೇ: ಪೂರ್ತಿ, ಇಲ್ಲವೇ ಸೊನ್ನೆ. ಚಿಕ್ಕಂದಿನಿಂದ ಹಾಗೆ. ಒಂದು ದಿನ ತಲೆ ಬಾಚಲಾಗದಿದ್ದರೆ ವಾರವಿಡೀ ಕೆದರಿಕೊಂಡೇ ತಿರುಗುತ್ತಿದ್ದೆ. ಆ ದಿನಗಳಲ್ಲಿ ಕೊಳದಲ್ಲಿ ದಾಖಲೆ ಮಾಡು ಎಂದು ನಾನು ಯಾವ ಹುಡುಗಿಗೂ ಹೇಳುವುದಿಲ್ಲ, ಕೋಣೆಯಲ್ಲೇ ಬಿದ್ದಿರು ಎಂದೂ ಹೇಳುವುದಿಲ್ಲ. ಕೊಳದವರೆಗೆ ಬಾ. ಆಗುವುದಾದರೆ ನಿಧಾನಕ್ಕೆ ಒಂದು ಸುತ್ತು ಹೋಗು. ಆಗದಿದ್ದರೆ ಕಾಲು ಇಳಿಬಿಟ್ಟು ಕೂತುಕೋ. ಅಭ್ಯಾಸವನ್ನು ಚಿಕ್ಕದು ಮಾಡು, ಕೈಬಿಡಬೇಡ. ಎಂಟನೇ ಪುಟದಲ್ಲಿರುವುದು ಇದೇ, ಅಷ್ಟೇ ನನ್ನ ಶಾಸ್ತ್ರ.

ನಿನಗೆ ಇದೊಂದು. ನನ್ನನ್ನು ಬೈದು ಪತ್ರ ಬರೆ. ಅದನ್ನು ಅಂಗಡಿಯ ಆಳಿನ ಕೈಗೆ ಕೊಡದೆ ನೀನೇ ನಡೆದುಹೋಗಿ ಬೀದಿ ಕೊನೆಯ ಅಂಚೆ ಡಬ್ಬಕ್ಕೆ ಹಾಕು. ಆ ದಿನದ ವ್ಯಾಯಾಮ ಮುಗಿಯಿತು. ಬೈಗುಳ ಹೆಚ್ಚಿದ್ದರೆ ಎರಡು ಪತ್ರ.

ತಟ್ಟೆ ಕಿತ್ತುಕೊಂಡ ತಂಗಿ

---

ಫೆಬ್ರವರಿ 9

ತಂಗೀ,

ಈ ಪತ್ರವನ್ನು ನಾನೇ ಡಬ್ಬಕ್ಕೆ ಹಾಕುತ್ತಿದ್ದೇನೆ. ನಿನ್ನ ಮಾತು ಕೇಳಿ ಹಾಕುತ್ತಿದ್ದೇನೆ ಎಂದುಕೊಳ್ಳಬೇಡ. ಅಂಗಡಿಯಿಂದ ಆಚೆ ಹೋಗಲು ನೆಪ ಬೇಕಿತ್ತು.

ನಿನ್ನ ಭಾವನ ತಮ್ಮ ಬಂದು ಇಳಿದಿದ್ದಾನೆ. ನನ್ನ ಮೈದುನ, ಮನೆಯ ಮುದ್ದು. ಎಲ್ಲೋ ಬೇಕರಿ ಕೆಲಸದ ತರಬೇತಿ ಮುಗಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡು ಬಂದಿದ್ದಾನೆ. ಹಿಟ್ಟು ಮುಟ್ಟುವ ಮೊದಲು ಕೈಗವಸು ಹುಡುಕುತ್ತಾನೆ. ಹಿಟ್ಟಿಗೆ ಹಸಿವಾಗಿದೆಯೋ ನಿದ್ದೆ ಬಂದಿದೆಯೋ ಎಂದು ಬೆರಳಿಗೆ ಗೊತ್ತಾಗಬೇಕು ಕಣೇ. ರಬ್ಬರಿಗೆ ಏನು ಗೊತ್ತಾಗುತ್ತದೆ?

ಮೊನ್ನೆ ಬೆಳಿಗ್ಗೆಯಿಂದ ನನಗೆ ಸೊಂಟ ನೋವು. ಇನ್ನೆರಡು ದಿನದಲ್ಲಿ ಮುಟ್ಟು ಎಂದು ಮೈ ಹೇಳುತ್ತಿತ್ತು. ಬನ್ನಿನ ಟ್ರೇ ಒಳಗಿಟ್ಟು, "ನೋಡ್ಕೊಳೋ, ಕೆಂಪಗಾದ ತಕ್ಷಣ ತೆಗಿ" ಎಂದು ಹೇಳಿ ಬಚ್ಚಲಿಗೆ ಹೋದೆ. ಬರುವಷ್ಟರಲ್ಲಿ ಹೊಗೆ. ಮಹಾರಾಯ ಮೊಬೈಲಿನಲ್ಲಿ ಯಾರೋ ಕೇಕು ಕತ್ತರಿಸುವುದನ್ನು ನೋಡುತ್ತಿದ್ದ. ಬನ್ನುಗಳು ಇದ್ದಿಲಾಗಿದ್ದವು. "ಅಯ್ಯೋ ಅತ್ತಿಗೆ, ಟೈಮರ್ ಬಡ್ಕೊಳ್ಳಲಿಲ್ಲ" ಎಂದ. ನಾನು ಟ್ರೇ ಎತ್ತಿ ಬೀಸಿ ಎಸೆದೆ. ಅವನ ಮೇಲಲ್ಲ, ಹಿಟ್ಟಿನ ಡ್ರಮ್ಮಿನ ಕಡೆಗೆ. ಸದ್ದು ಅಂಗಡಿ ಮುಂದಿನ ಗಿರಾಕಿಗಳವರೆಗೂ ಹೋಯಿತು.

ನಿನ್ನ ಭಾವ ಓಡಿ ಬಂದರು. ಸುಟ್ಟ ಬನ್ನನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ಸೀದಾ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು, "ಹ್ಞಾಂ, ಅದೇ ಅಂದ್ಕೊಂಡೆ" ಎಂದರು.

ನಿನಗೆ ಹೇಳಿರಲಿಲ್ಲ. ಅಂಗಡಿಯ ಕ್ಯಾಲೆಂಡರಿನಲ್ಲೂ ಮನೆಯದರಲ್ಲೂ ನನ್ನ ದಿನಗಳನ್ನು ಅವರು ಕೆಂಪು ಚುಕ್ಕೆ ಇಟ್ಟು ಗುರುತು ಮಾಡುತ್ತಾರೆ, ಹಿಂದಿನ ವಾರವನ್ನೂ ಸೇರಿಸಿ. ಮೊದಮೊದಲು ನನಗೆ ಹಿಗ್ಗು, ಎಂಥ ಕಾಳಜಿಯ ಗಂಡ ಎಂದು. ಈಗ ಚುಕ್ಕೆಯ ದಿನಗಳಲ್ಲಿ ನಾನು ಏನು ಹೇಳಿದರೂ ಅವರು ಮಗುವಿಗೆ ಹೇಳುವ ಹಾಗೆ "ಆಯ್ತು ಆಯ್ತು, ಮಲಗು" ಎನ್ನುತ್ತಾರೆ. ಮೈದುನ ಹಿಟ್ಟಿಗೆ ಉಪ್ಪು ಮರೆತ ಎಂದರೆ ಮಲಗು. ಯೀಸ್ಟು ಹಳತು ತಂದಿದ್ದೀರಿ ಎಂದರೂ ಮಲಗು.

ಆ ದಿನ ಎಷ್ಟು ಕ್ರೀಮ್ ಬನ್ನು ತಿಂದೆ ಎಂದು ಕೇಳಬೇಡ.

ಅಕ್ಕ

---

ಫೆಬ್ರವರಿ 16

ನಾದಿನಿಗೆ ನಿನ್ನ ಭಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಈಜುಕೊಳದ ಕೆಲಸ ಚೆನ್ನಾಗಿ ನಡೆದಿದೆ ಎಂದು ಭಾವಿಸುತ್ತೇನೆ. ನೀನು ನಿನ್ನ ಅಕ್ಕನಿಗೆ ಮತ್ತೆ ಪತ್ರ ಬರೆಯುತ್ತಿರುವುದು ಸಂತೋಷದ ಸಂಗತಿ. ನೀನು ತಿಳಿದವಳು ಎಂಬ ಧೈರ್ಯದಿಂದ ಒಂದು ಸೂಕ್ಷ್ಮ ವಿಷಯ ಬರೆಯುತ್ತಿದ್ದೇನೆ.

ಹೆಂಗಸರ ತೊಂದರೆಗಳ ಬಗ್ಗೆ ನನಗೆ ಸಾಮಾನ್ಯ ಗಂಡಸರಿಗಿಂತ ಹೆಚ್ಚಿನ ತಿಳಿವಳಿಕೆ ಇದೆ. ನಾನು ಆ ಬಗ್ಗೆ ಓದಿದ್ದೇನೆ. ತಿಂಗಳಲ್ಲಿ ಒಂದು ವಾರ ನಿನ್ನ ಅಕ್ಕ ಅವಳಾಗಿರುವುದಿಲ್ಲ. ಅದು ಅವಳ ತಪ್ಪಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಗಿರಾಕಿಗಳಿಗೂ ಹೇಳಿದ್ದೇನೆ. ಆದರೆ ಭಟ್ಟಿ ಕೋಣೆ ಬೆಂಕಿಯ ಜಾಗ. ಟ್ರೇ ಎಸೆದದ್ದು ನಿನಗೆ ತಿಳಿದಿರಬಹುದು.

ಆದ್ದರಿಂದ ಅವಳ ಆರೋಗ್ಯದ ದೃಷ್ಟಿಯಿಂದ ಒಂದು ಏರ್ಪಾಡು ಮಾಡಿದ್ದೇನೆ. ಭಟ್ಟಿಯನ್ನು ತಮ್ಮ ನೋಡಿಕೊಳ್ಳುತ್ತಾನೆ. ನಿನ್ನ ಅಕ್ಕ ಮುಂದೆ ಗಲ್ಲಾದ ಪಕ್ಕ ಕೂರಲಿ. ಮೆತ್ತೆ ಇರುವ ಕುರ್ಚಿ ಹಾಕಿಸಿದ್ದೇನೆ, ಮೇಲೆ ಫ್ಯಾನು ಕೂಡ. ಅವಳು ಒಪ್ಪುತ್ತಿಲ್ಲ. ನೀನು ಆರೋಗ್ಯದ ವಿಷಯದಲ್ಲಿ ಪುಸ್ತಿಕೆಯನ್ನೇ ಬರೆದವಳು. ವಿಶ್ರಾಂತಿಯ ಮಹತ್ವವನ್ನು ನೀನು ಹೇಳಿದರೆ ಕೇಳಿಯಾಳು.

ಇತಿ,
ನಿನ್ನ ಹಿತೈಷಿ ಭಾವ

---

ಫೆಬ್ರವರಿ 23

ಭಾವನವರಿಗೆ,

ನಿಮ್ಮ ಪತ್ರ ಓದಿದೆ. ಒಂದೇ ಅನುಮಾನ ಉಳಿಯಿತು. ಆ ಬನ್ನುಗಳು ಯಾರ ಮುಟ್ಟಿನಿಂದ ಸುಟ್ಟವು? ಸುಟ್ಟವನು ನಿಮ್ಮ ತಮ್ಮ. ಅವನಿಗೆ ಈ ತೊಂದರೆ ಇರಲಾರದು ಎಂದುಕೊಂಡಿದ್ದೇನೆ. ನೀವು ಓದಿಕೊಂಡವರು, ನೀವೇ ಹೇಳಬೇಕು.

ಇಷ್ಟು ವರ್ಷ ಅಕ್ಕ ಅಕ್ಕನಾಗಿರದ ವಾರಗಳಲ್ಲೂ ಬೆಳಿಗ್ಗೆ ಬ್ರೆಡ್ಡು ಬರುತ್ತಿತ್ತಲ್ಲ. ಅದನ್ನು ಬೇಯಿಸುತ್ತಿದ್ದವಳು ಯಾರು? ಅವಳನ್ನು ಹುಡುಕಿ ಕೆಲಸಕ್ಕೆ ಇಟ್ಟುಕೊಳ್ಳಿ, ಚೆನ್ನಾಗಿ ಬೇಯಿಸುತ್ತಾಳೆ.

ನನ್ನ ಪುಸ್ತಿಕೆಯಲ್ಲಿ ವಿಶ್ರಾಂತಿಯ ಬಗ್ಗೆ ಬರೆದಿರುವುದು ನಿಜ. ಹೆಂಡತಿಯ ಕೆಲಸ ಕಿತ್ತು ತಮ್ಮನಿಗೆ ಕೊಡುವುದಕ್ಕೆ ವಿಶ್ರಾಂತಿ ಎಂಬ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ಮುದ್ರಣದಲ್ಲಿ ಸೇರಿಸುತ್ತೇನೆ.

ಗಿರಾಕಿಗಳಿಗೆ ಅಕ್ಕನ ಮುಟ್ಟಿನ ವಿಷಯ ಹೇಳುವುದನ್ನು ನಿಲ್ಲಿಸಿ. ಅವರು ಬರುವುದು ಬ್ರೆಡ್ಡಿಗೆ.

ನಾದಿನಿ

---

ಮಾರ್ಚ್ 15

ತಂಗೀ,

ನಿನ್ನನ್ನು ನಡುವೆ ಬಾ ಎಂದು ಕರೆದವರು ಯಾರು? ಅವರಿಗೆ ಪತ್ರ ಬರೆದೆಯಂತೆ. ಓದಿ ಮೂರು ದಿನ ಊಟ ಬಿಟ್ಟು ಓಡಾಡಿದರು. "ನಿನ್ ತಂಗಿಗೂ ಅದೇ ವಾರ ಇರ್ಬೇಕು" ಎಂದರು. ನನಗೆ ನಗು ಬಂತು, ಆಮೇಲೆ ನಕ್ಕಿದ್ದಕ್ಕೆ ಅಳು ಬಂತು. ಆ ಚಂದಕ್ಕೆ ಬಂದಿದೆ ನನ್ನ ಬಾಳು.

ಕುರ್ಚಿಯಲ್ಲಿ ಕೂತಿದ್ದೇನೆ. ಹೌದು, ಕೂತೆ. ಜಗಳವಾಡಲಿಲ್ಲ. ನಿನ್ನ ಅಕ್ಕ ಕತ್ತಿ ಹಿರಿದು ನಿಲ್ಲುತ್ತಾಳೆ ಎಂದುಕೊಂಡಿದ್ದೆಯಾ? ಅವರು ಕೀಲಿಕೈ ಗೊಂಚಲಿನಿಂದ ಭಟ್ಟಿ ಕೋಣೆಯ ಕೀಲಿಯನ್ನು ತೆಗೆದು ತಮ್ಮನ ಕೈಗೆ ಕೊಟ್ಟಾಗ ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆದೆ. ಕಣ್ಣು ಕ್ಯಾಲೆಂಡರಿನ ಕಡೆ ಹೋಯಿತು. ಚುಕ್ಕೆ ಇತ್ತು. ಬಾಯಿ ಮುಚ್ಚಿಕೊಂಡೆ. ಈ ಸಿಟ್ಟು ನನ್ನದೋ, ಮುಟ್ಟಿನದೋ? ನನಗೇ ಗೊತ್ತಾಗಲಿಲ್ಲ ಕಣೇ. ನನಗೇ ಗೊತ್ತಾಗದಿದ್ದ ಮೇಲೆ ಯಾವ ಮುಖ ಇಟ್ಟುಕೊಂಡು ಜಗಳವಾಡಲಿ?

ಕುರ್ಚಿ ಮೆತ್ತಗಿದೆ. ಫ್ಯಾನು ತಿರುಗುತ್ತದೆ. ಗಾಜಿನ ಕಪಾಟು ಕೈಗೆಟಕುವಷ್ಟು ಹತ್ತಿರ. ನಿಂತು ಕೆಲಸ ಮಾಡುವಾಗ ತಿನ್ನಲು ಒಂದು ವಾರ ಬೇಕಿದ್ದುದನ್ನು ಈಗ ಕೂತಲ್ಲಿ ಒಂದು ಮಧ್ಯಾಹ್ನದಲ್ಲಿ ತಿನ್ನುತ್ತೇನೆ. ಬೆಳಿಗ್ಗೆ ಏಳಲು ಮನಸ್ಸಿಲ್ಲ, ಎದ್ದು ಮಾಡುವುದೇನು? ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣು ಕತ್ತಲೆ. ಈ ಸಲ ರಕ್ತ ಹೋಗಿದ್ದನ್ನು ನೋಡಿ ನನಗೇ ಹೆದರಿಕೆಯಾಯಿತು. ಗಿರಾಕಿ ಹೆಂಗಸರು ಗಾಜಿನ ಆಚೆಯಿಂದ "ಈಗ ಹೇಗಿದ್ದೀರಿ, ಪಾಪ" ಎನ್ನುತ್ತಾರೆ. ಬ್ರೆಡ್ಡು ಕಲ್ಲಾಗಿದೆ ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ, ನನ್ನ ಆರೋಗ್ಯ ಕೆಡುತ್ತದೆ ಎಂದೇನೋ.

ಯಾರ ಮುಖವೂ ಬೇಡ ಅನ್ನಿಸುವಾಗ ನಿನಗೆ ಬರೆಯುತ್ತಿದ್ದೇನೆ. ಅದನ್ನು ಪ್ರೀತಿ ಎಂದು ತಿಳಿದು ತಲೆಗೇರಿಸಿಕೊಳ್ಳಬೇಡ.

ಅಕ್ಕ

---

ಮಾರ್ಚ್ 22

ಅಕ್ಕಾ,

ತಲೆಗೇರಿಸಿಕೊಂಡಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗು. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುವುದು, ಅಷ್ಟು ರಕ್ತ ಹೋಗುವುದು, ಇವು ನಿನ್ನ ನಾಲಿಗೆಯಿಂದ ಬೈದು ಓಡಿಸುವಂಥವಲ್ಲ. ಈ ವಾರವೇ ಹೋಗು. ಮುಂದಿನ ಪತ್ರದಲ್ಲಿ ಹೋಗಿಲ್ಲ ಎಂದು ಬರೆದರೆ ನಾನು ಖುದ್ದಾಗಿ ಬಂದು ಆ ಮೆತ್ತೆ ಕುರ್ಚಿಯ ಸಮೇತ ಹೊತ್ತುಕೊಂಡು ಹೋಗುತ್ತೇನೆ. ಭಾವ ಫ್ಯಾನು ಹಿಡಿದುಕೊಂಡು ಹಿಂದೆ ಬರಲಿ.

ಇನ್ನು ನಿನ್ನ ಪ್ರಶ್ನೆ. ನಮ್ಮ ಹಾಸ್ಟೆಲಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಪ್ರತಿ ತಿಂಗಳು ಮುಟ್ಟಿಗೆ ಮುಂಚೆ ಕೋಣೆಯ ಜೊತೆಗಾತಿಯ ಮೇಲೆ ಬೀಳುತ್ತಾಳೆ. ಉಳಿದ ಹುಡುಗಿಯರು, "ಬಿಡಿ ಮಿಸ್, ಅವಳ್ದು ಆ ಟೈಮು" ಎನ್ನುತ್ತಿದ್ದರು. ನಾನೂ ಹಾಗೇ ಬಿಟ್ಟಿದ್ದೆ. ಒಂದು ದಿನ, ಅವಳು ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿ ಎದ್ದ ಬೇರೆ ವಾರದಲ್ಲಿ, ಕರೆದು ಕೇಳಿದೆ. "ಅವಳು ನನ್ನ ಟವೆಲ್ಲು ಹಾಕ್ಕೊಳ್ತಾಳೆ ಮಿಸ್, ಒದ್ದೆ ಮಾಡಿ ಹಾಸಿಗೆ ಮೇಲೆ ಬಿಸಾಕ್ತಾಳೆ. ದಿನಾ. ಆ ವಾರ ಮಾತ್ರ ನಂಗೆ ತಡ್ಕೊಳ್ಳೋಕಾಗಲ್ಲ" ಎಂದಳು.

ಆ ವಾರ ಕಾಲು ಊದುತ್ತದೆ ಅಕ್ಕಾ, ಚಪ್ಪಲಿ ಬಿಗಿಯಾಗುತ್ತದೆ, ಒಪ್ಪಿದೆ. ಆದರೆ ಚಪ್ಪಲಿಯೊಳಗೆ ಮೊಳೆಯಿದ್ದರೆ ಅದು ಊತದಿಂದ ಹುಟ್ಟಿದ್ದಲ್ಲ. ಮೊಳೆ ಇದೆಯೋ ಇಲ್ಲವೋ ಎಂದು ನೋಡಬೇಕಾದರೆ ಊತ ಇಳಿದ ಮೇಲೆ ಕೈಹಾಕಿ ನೋಡು. ಸಿಟ್ಟು ಬಂದಾಗ ನಿರ್ಧಾರ ಮಾಡಬೇಡ, ಸಿಟ್ಟನ್ನು ಮರೆತೂ ಬಿಡಬೇಡ. ಹೊಟ್ಟೆ ತುಂಬಿ, ನಿದ್ದೆಯಾಗಿ, ಮೈ ಹಗುರವಾದ ಒಂದು ದಿನ ಅದೇ ಮಾತನ್ನು ನಿನಗೆ ನೀನೇ ಹೇಳಿಕೊಂಡು ನೋಡು. ಆಗಲೂ ಚುಚ್ಚಿದರೆ ಅದು ನಿನ್ನದೇ.

ಅದಕ್ಕೆ ಮೈ ಮೊದಲು ಹಗುರವಾಗಬೇಕು. ಕುರ್ಚಿಗೆ ಹೋಗುವ ಮುನ್ನ ಉಪಾಹಾರ. ಕೇಕು ಬೇಕೆನಿಸಿದರೆ ತಿನ್ನು, ಆದರೆ ಒಂದು ತುಂಡು, ತಟ್ಟೆಯಲ್ಲಿ ಹಾಕಿಕೊಂಡು, ಅಗಿದು. ನೋವಿದ್ದರೆ ಬಿಸಿನೀರಿನ ಚೀಲ. ಸಂಜೆ ಅಂಚೆ ಡಬ್ಬ. ಪತ್ರ ಇಲ್ಲದಿದ್ದರೂ ಡಬ್ಬ.

ತಂಗಿ

---

ಏಪ್ರಿಲ್ 27

ತಂಗೀ,

ಡಾಕ್ಟರ ಹತ್ತಿರ ಹೋದೆ. ನಿನ್ನ ವಯಸ್ಸಿನವಳೂ ಅಲ್ಲ, ಇನ್ನೂ ಚಿಕ್ಕವಳು. "ಯಾವಾಗಿಂದ ಹೀಗೆ?" ಎಂದಳು. ವರ್ಷಗಳಿಂದ ಎಂದೆ. "ಇಷ್ಟು ದಿನ ಏನ್ಮಾಡ್ತಿದ್ರಿ?" ಎಂದಳು. "ಬ್ರೆಡ್ ಮಾಡ್ತಿದ್ದೆ" ಎಂದೆ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಪರೀಕ್ಷೆ ಮಾಡಿದರು, ಹೊಟ್ಟೆಯ ಸ್ಕ್ಯಾನು ಮಾಡಿದರು. ಭಯಪಡುವಂಥದ್ದಿಲ್ಲ, ರಕ್ತ ಬಹಳ ಕಡಿಮೆಯಾಗಿದೆ ಎಂದು ಕಬ್ಬಿಣದ ಮಾತ್ರೆ, ರಕ್ತ ಹೋಗುವುದು ತಗ್ಗಲು ಇನ್ನೊಂದು ಮಾತ್ರೆ ಕೊಟ್ಟಿದ್ದಾಳೆ. ಮತ್ತೆ ಬರಹೇಳಿದ್ದಾಳೆ. ಆಮೇಲೆ ಏನಂದಳು ಗೊತ್ತಾ? ಹೊತ್ತಿಗೆ ಸರಿಯಾಗಿ ತಿನ್ನಿ, ಸ್ವಲ್ಪ ನಡೆಯಿರಿ, ನಿದ್ದೆ ಕೆಡಬೇಡಿ. ನೀವಿಬ್ಬರೂ ಒಂದೇ ಗಿಣಿಯ ಮರಿಗಳು.

ಕಬ್ಬಿಣದ ಮಾತ್ರೆ ತಿಂದರೆ ಬಾಯಿಯಲ್ಲಿ ಮೊಳೆ ಚೀಪಿದ ರುಚಿ. ನಿನ್ನ ನಡಿಗೆಯದು ಇನ್ನೂ ರಗಳೆ. ಮೊದಲ ದಿನ ಡಬ್ಬದ ಹತ್ತಿರ ಹೋಗಿ ಕೈಯಲ್ಲಿ ಪತ್ರವಿಲ್ಲದೆ ಸುಮ್ಮನೆ ನಿಂತು ವಾಪಸು ಬಂದೆ. ದಾರಿ ನಡುವೆ ಅಂಗಡಿಯಿರುವ ಟೈಲರು "ಯಾರ ಪತ್ರ ಕಾಯ್ತಿದೀರಿ?" ಎಂದ. ಡಬ್ಬಕ್ಕೆ ಪತ್ರ ಹಾಕುತ್ತಾರೆ, ಅಲ್ಲಿಂದ ತೆಗೆಯುವುದಿಲ್ಲ ಎಂಬಷ್ಟು ಬುದ್ಧಿಯೂ ಇಲ್ಲದವನ ಕೈಗೆ ಜನ ಅಳತೆ ಕೊಡುತ್ತಾರೆ. ಮರುದಿನ ಅವನನ್ನು ತಪ್ಪಿಸಲು ಆಚೆ ರಸ್ತೆಯಿಂದ ಸುತ್ತಿಕೊಂಡು ಹೋದೆ. ಹಾಗಾಗಿ ನಡಿಗೆ ಉದ್ದವಾಯಿತು. ಆ ಪುಣ್ಯ ಟೈಲರಿಗೆ ಹೋಗಲಿ.

ಈ ಸಲದ ವಾರವೂ ಬಂತು. ಒಂದು ದಿನ ಪೂರ್ತಿ ಕೆಟ್ಟೆ. ಕ್ರೀಮ್ ಬನ್ನಿನ ಮುಂದೆ ಸೋತೆ, ನಡೆಯಲಿಲ್ಲ, ಹಾಸಿಗೆಯಲ್ಲಿ ಗೋಡೆ ನೋಡಿಕೊಂಡು ಮಲಗಿದ್ದೆ. ಹಿಂದಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಮರುದಿನ ಎದ್ದು, ನಿನ್ನನ್ನು ಬೈದುಕೊಳ್ಳುತ್ತಾ, ಮೊಟ್ಟೆ ಬೇಯಿಸಿ ತಿಂದು, ಟೈಲರನ ಅಂಗಡಿಯವರೆಗೆ ಮಾತ್ರ ಹೋಗಿಬಂದೆ. ಅಷ್ಟೇ ಆಗಿದ್ದು. ಪುಸ್ತಿಕೆಯ ಹುಡುಗಿಗೆ ಹೇಳು, ನಗು ಬರಲಿಲ್ಲ ಎಂದು.

ಒಂದು ಮಾತು ಮಾತ್ರ ನಿನಗೆ ಹೇಳಬೇಕು. ಮುಟ್ಟು ಮುಗಿಯಿತು. ಮೈ ಹಗುರವಾಯಿತು. ಕಣ್ಣು ಕತ್ತಲೆ ಬರುತ್ತಿಲ್ಲ. ಸಿಟ್ಟೂ ಇಳಿಯುತ್ತದೆ ಎಂದು ಕಾದೆ. ಇಳಿಯಲಿಲ್ಲ ಕಣೇ. ತೊಳೆದು ಒಣಗಿಸಿದ ಹಾಗೆ ಸ್ವಚ್ಛವಾಯಿತು, ಅಷ್ಟೇ. ಅಳುವಿಲ್ಲ, ನಡುಕವಿಲ್ಲ. ಭಟ್ಟಿ ನನ್ನದು, ಕಿತ್ತುಕೊಂಡರು. ಇಷ್ಟೇ ವಾಕ್ಯ. ಎಷ್ಟು ಸಲ ಹೇಳಿಕೊಂಡರೂ ಒಂದಕ್ಷರ ಕಡಿಮೆಯಾಗಲಿಲ್ಲ.

ಅಕ್ಕ

---

ಮೇ 10

ತಂಗೀ,

ಹೇಳಿದೆ.

ಬೆಳಿಗ್ಗೆ ತಿಂಡಿಯ ಹೊತ್ತು. ನಾನು ಸ್ನಾನ ಮಾಡಿ, ಹೊಟ್ಟೆ ತುಂಬ ತಿಂದು, ಲೋಟದಲ್ಲಿ ನೀರು ಇಟ್ಟುಕೊಂಡು ಕೂತಿದ್ದೆ. ಎದುರಿಗೆ ನಿನ್ನ ಭಾವ, ಪಕ್ಕದಲ್ಲಿ ಮೈದುನ. ದನಿ ಏರಿಸದೆ ಹೇಳಿದೆ: "ನೋಡಿ, ಭಟ್ಟಿ ಕೋಣೆ ನನ್ನದು. ಅದನ್ನ ನೀವು ಕಿತ್ಕೊಂಡ್ರಿ. ನನಗೆ ವಾಪಸ್ ಬೇಕು. ಇವನು ಕಲೀಬೇಕು ಅಂದ್ರೆ ನನ್ನ ಕೈಕೆಳಗೆ ಕಲೀಲಿ."

ಅವರು ಚಮಚ ಕೆಳಗಿಡಲಿಲ್ಲ. ತಲೆ ಮಾತ್ರ ಗೋಡೆಯ ಕಡೆ ತಿರುಗಿತು. ಕ್ಯಾಲೆಂಡರ್ ನೋಡಿದರು. ಚುಕ್ಕೆ ಇಲ್ಲ. ಹಿಂದಿನ ಸಾಲು ನೋಡಿದರು, ಮುಂದಿನ ಸಾಲು ನೋಡಿದರು. ಎದ್ದು ಹೋಗಿ ಹತ್ತಿರದಿಂದ ನೋಡಿದರು. ನಾನು ನಿಧಾನಕ್ಕೆ ಲೋಟದ ನೀರು ಕುಡಿದೆ. ಈಗ ಏನಾದರೂ ಹೇಳಲೇಬೇಕಲ್ಲ, ಗಂಡು ಪ್ರಾಣಿ, ಉತ್ತರ ಕೊಡಲಿ ಎಂದು.

ವಾಪಸು ಬಂದು ಕೂತು ಏನಂದರು ಹೇಳಲಾ? "ಹಾಗಾದ್ರೆ ಇದು ಬೇರೇನೋ ಇರ್ಬೇಕು. ಇನ್ನೊಂದ್ಸಲ ಡಾಕ್ಟ್ರ ಹತ್ರ ಹೋಗೋಣ."

ಇಷ್ಟು ದಿನ ನಾನು ದಡ್ಡಿ. ಚುಕ್ಕೆ ಇಲ್ಲದ ದಿನ ಹೇಳಿದರೆ ಕೇಳುತ್ತಾರೆ ಎಂದು ನಂಬಿದ್ದೆ. ಅವರು ಕೇಳುವ ದಿನ ಆ ಕ್ಯಾಲೆಂಡರಿನಲ್ಲಿ ಅಚ್ಚೇ ಆಗಿಲ್ಲ ಕಣೇ. ಮೈದುನನ ಕಡೆ ನೋಡಿದೆ. ಅವನು ತಟ್ಟೆಯೊಳಗೆ ಏನೋ ಕಳೆದುಕೊಂಡವನ ಹಾಗೆ ಹುಡುಕುತ್ತಿದ್ದ. ಆಮೇಲೆ ಮೆಲ್ಲಗೆ, "ಅಣ್ಣಾ, ಅತ್ತಿಗೆ ಹೇಳೋದ್ರಲ್ಲಿ..." ಎಂದ. "ನೀನು ತಿನ್ನು" ಎಂದರು. ತಿಂದ. ಅವನಿಂದ ಅಷ್ಟೇ ಆಗುವುದು.

ನನಗೆ ಕೂಗಬೇಕು ಅನ್ನಿಸಲಿಲ್ಲ. ಎಸೆಯಲು ಕೈ ಏಳಲಿಲ್ಲ. "ನಾಳೆಯಿಂದ ನಾನು ಅಂಗಡಿಗೆ ಬರಲ್ಲ. ಆ ಕುರ್ಚಿ ಮೇಲೆ ನೀವೇ ಕೂತ್ಕೊಳ್ಳಿ, ಮೆತ್ತಗಿದೆ" ಎಂದೆ. ತಟ್ಟೆ ತೊಳೆದಿಟ್ಟೆ. ಇನ್ನೂ ನಂಬಿಲ್ಲ ಅವರು. ನಾಲ್ಕು ದಿನದಲ್ಲಿ ನಾನೇ ಬರುತ್ತೇನೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದಾರಂತೆ.

ಅಕ್ಕ

---

ಮೇ 17

ಅಕ್ಕಾ,

ಪತ್ರವನ್ನು ಈ ಸಲ ಹುಡುಗಿಯರಿಗೆ ಓದಲಿಲ್ಲ. ನನಗೇ ಇಟ್ಟುಕೊಂಡೆ.

ಭಾವನ ಬಗ್ಗೆ ಬರೆಯಲು ಹೊರಟು ಒಂದು ಹಾಳೆ ಹರಿದೆ. ನಿನ್ನ ಮನೆಯವರು, ನಿನ್ನ ಬಾಯಿಂದಲೇ ಬೈಸಿಕೊಳ್ಳಲಿ. ನನ್ನದು ಒಂದೇ ಪ್ರಶ್ನೆ: ಮಾತ್ರೆ ನುಂಗುತ್ತಿದ್ದೀಯಾ? ಅಂಗಡಿ ಇಲ್ಲ ಎಂದು ಹಾಸಿಗೆ ಹಿಡಿದರೆ ಅವರು ಹೇಳಿದ್ದೇ ಗೆದ್ದ ಹಾಗೆ. ಬೆಳಿಗ್ಗೆ ಏಳುವ ಹೊತ್ತಿಗೆ ಏಳು. ಹಿಟ್ಟು ಇಲ್ಲದಿದ್ದರೂ ಏಳು.

ನಾನು ಬರಲಾ?

ತಂಗಿ

---

ಜುಲೈ 3

ತಂಗೀ,

ಬರಬೇಡ ಎಂದು ಕಳಿಸಿದ ಕಾರ್ಡು ಸಿಕ್ಕಿರಬೇಕು. ಬಂದಿದ್ದರೆ ನೀನು ಅವರ ಜೊತೆ ಜಗಳ ತೆಗೆಯುತ್ತಿದ್ದೆ, ನಾನು ಅವರ ಪರ ವಹಿಸಬೇಕಾಗುತ್ತಿತ್ತು. ಆ ಕರ್ಮ ಯಾರಿಗೆ ಬೇಕು?

ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ರೋಗಿಗಳಿಗೆ ಬ್ರೆಡ್ಡು ಅಲ್ಲೇ ಮಾಡುತ್ತಾರೆ. ನಮ್ಮ ಭಟ್ಟಿಯ ಮೂರರಷ್ಟು ದೊಡ್ಡದು, ಉರಿ ಒಂದೇ ಸಮನಾಗಿ ಬರುವುದಿಲ್ಲ, ಎಡ ಮೂಲೆಯಲ್ಲಿ ಇಟ್ಟದ್ದು ಹಸಿಯಾಗೇ ಉಳಿಯುತ್ತದೆ. ಇದ್ದವರಿಗೆ ಅದು ಇಷ್ಟು ವರ್ಷ ಗೊತ್ತೇ ಇಲ್ಲ. ರೋಗಿಗಳು ಹಸಿ ಬ್ರೆಡ್ಡು ತಿಂದೂ ಗುಣವಾಗಿ ಹೋಗಿದ್ದಾರೆ, ಅವರ ಗಟ್ಟಿ ಜೀವ. ಅಡುಗೆಮನೆಯ ಯಜಮಾನನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಾರೆ. ಆಳು ದಪ್ಪ, ಮಾತು ಕಡಿಮೆ, ಮುಖ ಯಾವಾಗಲೂ ಹುಳಿ ತಿಂದ ಹಾಗೆ. ಸೇರಿದ ದಿನದಿಂದ ನನ್ನನ್ನು ಒಂದು ಸಲವೂ ಹೊಗಳಿಲ್ಲ. ಎಡ ಮೂಲೆಯ ವಿಷಯ ಹೇಳಿದಾಗ ಹೂಂ ಎಂದ, ಮರುದಿನ ರಿಪೇರಿಯವನನ್ನು ಕರೆಸಿದ.

ವಾಸ ಮಾತ್ರ ಇನ್ನೂ ಅದೇ ಮನೆಯಲ್ಲೇ. ಅಂಗಡಿಯ ಬಾಗಿಲಿಗೆ 'ಅನಿವಾರ್ಯ ಕಾರಣಗಳಿಂದ ಬ್ರೆಡ್ಡು ತಡವಾಗಿ ದೊರೆಯುತ್ತದೆ' ಎಂದು ಬೋರ್ಡು ತೂಗುಹಾಕಿದ್ದಾರೆ. ಮೊನ್ನೆ ನಿನ್ನ ಭಾವ ತಿಂಡಿ ತಿನ್ನುತ್ತಾ ಗೋಡೆ ನೋಡಿಕೊಂಡು, "ಯೀಸ್ಟ್ ನೆನೆಸೋ ನೀರು ಎಷ್ಟು ಬಿಸಿ ಇರ್ಬೇಕು?" ಎಂದರು. "ತಮ್ಮನ ಸರ್ಟಿಫಿಕೇಟ್‌ನಲ್ಲಿ ಬರ್ದಿಲ್ವಾ?" ಎಂದೆ. ಆಮೇಲೆ ಹೇಳಿದೆ. ಬ್ರೆಡ್ಡಿನ ಮೇಲೆ ನನಗೇನು ದ್ವೇಷ?

ಈಗ ನಿನ್ನೆಯ ವಿಷಯ. ಮುಟ್ಟಿನ ಮೊದಲ ದಿನ. ಮೊದಲಿನಷ್ಟು ರಕ್ತವಿಲ್ಲ, ಆದರೆ ಸೊಂಟ ಬಿಡಲಿಲ್ಲ. ಎದ್ದೆ. ತಿಂದೆ. ಎಂದಿನ ದಾರಿಯಲ್ಲಿ ನಡೆಯದೆ ಬಸ್ಸು ಹತ್ತಿದೆ, ಒಂದು ನಿಲ್ದಾಣ ಮೊದಲೇ ಇಳಿದು ಅಷ್ಟು ಮಾತ್ರ ನಡೆದೆ. ದಾರಿಯುದ್ದಕ್ಕೂ ಜಗಳ ಕಟ್ಟಿಕೊಂಡು ಬಂದೆ. ನಿನ್ನೆ ದೊಡ್ಡ ಟ್ರೇಗಳನ್ನು ಎತ್ತುವ ಸರದಿ ನನ್ನದಿತ್ತು. ಆಗುವುದಿಲ್ಲ ಎಂದು ಹೇಳಲೇಬೇಕು. ಹೇಳಿದರೆ ಇವನು ಮೂತಿ ತಿರುಗಿಸುತ್ತಾನೆ. ಹೆಂಗಸರನ್ನು ಇಟ್ಟುಕೊಂಡರೆ ಇದೇ ಪಾಡು ಎನ್ನುತ್ತಾನೆ. ಇಲ್ಲವೇ ಪಾಪ ಎನ್ನುತ್ತಾನೆ, ಅದು ಇನ್ನೂ ಹೊಲಸು. ಅವನು ಹೀಗಂದರೆ ನಾನು ಹೀಗೆ, ಹಾಗಂದರೆ ಹಾಗೆ. ಒಂದೊಂದಕ್ಕೂ ಉತ್ತರ ಹರಿತ ಮಾಡಿಟ್ಟುಕೊಂಡೆ. ಆಸ್ಪತ್ರೆಯ ಬಾಗಿಲು ದಾಟುವಾಗ ಮನಸ್ಸಿನಲ್ಲಿ ಕೆಲಸ ಬಿಟ್ಟೂ ಆಗಿತ್ತು.

ದೊಡ್ಡಣ್ಣ ಈರುಳ್ಳಿ ಹೆಚ್ಚುತ್ತಿದ್ದ. ಎದುರಿಗೆ ಹೋಗಿ ನಿಂತೆ. "ಇವತ್ತು ನಂಗೆ ಮುಟ್ಟು. ಮೊದಲನೇ ದಿನ. ಟ್ರೇ ಎತ್ತೋಕೆ ಆಗಲ್ಲ. ಹಿಟ್ಟು ನಾದ್ತೀನಿ, ಭಟ್ಟಿ ನೋಡ್ಕೊಳ್ತೀನಿ" ಎಂದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಕಾದೆ.

ಅವನು ತಲೆ ಎತ್ತಲಿಲ್ಲ. "ಸರಿ" ಎಂದ. ಈರುಳ್ಳಿ ಹೆಚ್ಚುತ್ತಲೇ ಇದ್ದ.

ಇಷ್ಟೇ, ತಂಗೀ. ಇಷ್ಟೇ ಆಗಿದ್ದು. ಕಟ್ಟಿಕೊಂಡು ಬಂದ ಜಗಳವನ್ನೆಲ್ಲ ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಕಣ್ಣು ಉರಿಯಿತು. ಈರುಳ್ಳಿ ಹೆಚ್ಚುತ್ತಿದ್ದದ್ದು ಒಳ್ಳೆಯದಾಯಿತು. ಆಮೇಲೆ ತೋಳು ಮಡಚಿಕೊಂಡು ಹಿಟ್ಟಿಗೆ ಕೈಹಾಕಿದೆ.

ಅಕ್ಕ